ಖಂಡವೋ ಕಾಳೋ? ಮೊದಲು ಗಂಗಾಳ ನೋಡಿ

ನಮ್ಮದು ರೋಣ ತಾಲೂಕಿನ ಎರೆಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಮನೆಯಲ್ಲಿ ತಲೆತಲಾಂತರದಿಂದ ಖಂಡ ಇಲ್ಲ, ತತ್ತಿಯೂ ಇಲ್ಲ. ಅದು ನನಗೊಂದು ಹೆಮ್ಮೆಯೇ ಆಗಿತ್ತು. ಆ ಹೆಮ್ಮೆಗೆ ಎರಡು ಸಲ ಪೆಟ್ಟು ಬಿತ್ತು. ಅದರಿಂದ ಕಲಿತದ್ದನ್ನು ನಾಲ್ಕು ಮಂದಿಗೆ ಹೇಳೋಣ ಅಂತ ಬರೆಯುತ್ತಿದ್ದೇನೆ.

ಕುರಿಗಾರ ಹೇಳಿದ್ದು

ಸುಗ್ಗಿ ಮುಗಿದ ಮೇಲೆ ಗಜೇಂದ್ರಗಡದ ಕಡೆಯ ಕುರಿಗಾರರೊಬ್ಬರು ಪ್ರತಿವರ್ಷ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ರಾತ್ರಿಗೆ ಇಷ್ಟು ಅಂತ ರೊಕ್ಕ, ಮೇಲೆ ಒಂದಿಷ್ಟು ಜೋಳ. ಹಿಕ್ಕಿಯ ಜೊತೆ ಮೂತ್ರವೂ ನೆಲಕ್ಕೆ ಸೇರುವುದರಿಂದ ಈ ಗೊಬ್ಬರದ ಕಸುವೇ ಬೇರೆ. ದಿನಾ ಜಾಗ ಬದಲಿಸಬೇಕು. ಬಿಸಿಲಿಗೆ ಸಾರ ಹಾರಿಹೋಗುವ ಮೊದಲೇ ಕುಂಟೆ ಹೊಡೆದು ಮಣ್ಣಲ್ಲಿ ಬೆರೆಸಬೇಕು.

ಒಂದು ಸಂಜೆ ಹೊಲದಲ್ಲಿ ಕೂತು ಉಣ್ಣುವಾಗ ನಾನು ಸುಮ್ಮನಿರಲಾರದೆ ಕೇಳಿದೆ: "ತಮ್ಮಾ, ಕೈಯಾರೆ ಸಾಕಿದ ಜೀವಾನ ತಿನ್ನಾಕ ಹೆಂಗ ಮನಸ್ಸು ಬರ್ತದೋ?"

ಆತ ಸಿಟ್ಟಾಗಲಿಲ್ಲ. "ಅಣ್ಣಾರ, ನಿಮ್ಮ ಈ ರೊಟ್ಟಿ ಜ್ವಾಳ ಯಾವ ಗೊಬ್ಬರದಾಗ ಬೆಳದದ್ರಿ? ಖಂಡ ತಿನ್ನೋರು ಇರದಿದ್ರ ನಾ ಇಷ್ಟು ಕುರಿ ಸಾಕ್ತಿದ್ನೇನು?" ಅಂದ. ಸ್ವಲ್ಪ ತಡೆದು, "ನಾವೇನು ದಿನಾ ಖಂಡ ತಿನ್ನಂಗಿಲ್ರಿ. ಜಾತ್ರಿ, ಹಬ್ಬದ ಕರಿ, ಬೀಗರು ಬಂದಾಗ ಅಷ್ಟ. ಟಗರು ನಾ ಮಾರ್ತೀನಿ, ಕಡ್ಲಿ ನೀವು ಮಾರ್ತೀರಿ. ಇಬ್ಬರ ಗಂಗಾಳದಾಗೂ ಉಳದದ್ದು ಅನ್ನ, ತಿಳಿಸಾರು" ಅಂದ.

ನನಗೆ ಉತ್ತರ ಹೊಳೆಯಲಿಲ್ಲ.

ಮೊಮ್ಮಗಳ ರಕ್ತ

ಎರಡನೆಯ ಪೆಟ್ಟು ಮನೆಯೊಳಗೇ ಬಿತ್ತು. ಏಳನೆಯ ಈಯತ್ತೆಯ ಮೊಮ್ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ 9. ಡಾಕ್ಟರು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟು, "ದಿನಾ ಏನ್ ಉಣ್ತೀ?" ಎಂದು ಕೇಳಿದರು. ಬೆಳಿಗ್ಗೆ ಉಪ್ಪಿಟ್ಟು, ಚಹಾ. ರಾತ್ರಿ ಅನ್ನ, ಸಾರು. ಆ ವರ್ಷ ಕಡಲೆಯನ್ನೆಲ್ಲ ಚೀಲ ಕಟ್ಟಿ ಪೇಟೆಗೆ ಕಳಿಸಿದ ಮನೆ ನಮ್ಮದು!

ಲೆಕ್ಕ ಹಾಕಿ ನೋಡಿ

ವಯಸ್ಸಿಗೆ ಬಂದವರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನು ಬೇಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಆಯಿತು.

ಜೋಳದ ಹಿಟ್ಟು 200 ಗ್ರಾಂ: 20 ಗ್ರಾಂ ಪ್ರೊಟೀನು.
ಹೆಸರು, ಕಡಲೆ, ತೊಗರಿ ಯಾವುದಾದರೂ 75 ಗ್ರಾಂ: ಸುಮಾರು 16.
ಹಾಲು, ಮೊಸರು ಸೇರಿ ಕಾಲು ಲೀಟರ್: 8.
ಶೇಂಗಾ ಒಂದು ಮುಷ್ಟಿ, 30 ಗ್ರಾಂ: 7.

ಒಟ್ಟು 51. ಖಂಡವಿಲ್ಲದೆ ಲೆಕ್ಕ ಸರಿಹೋಯಿತು. ಇದು ಹೊಸ ಊಟವೇನಲ್ಲ. ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು. ನಮ್ಮ ಅವ್ವ ಬಡಿಸುತ್ತಿದ್ದದ್ದು ಇದನ್ನೇ. ರೊಟ್ಟಿಯ ಪ್ರೊಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳಿನಲ್ಲಿ ಅದು ಹೇರಳ. ಕಾಳಿನ ಕೊರತೆಯನ್ನು ರೊಟ್ಟಿ ತುಂಬುತ್ತದೆ. ಅದಕ್ಕೇ ಇವೆರಡು ಜೋಡೆತ್ತು.

ಈಗಿನ ಊಟ ನೋಡಿ. 250 ಗ್ರಾಂ ಅಕ್ಕಿಯಿಂದ 18-20 ಗ್ರಾಂ ಬಂದೀತು. ತಿಳಿಸಾರಿನ ಒಂದು ಹಿಡಿ ಬೇಳೆಯಿಂದ ತಲೆಗೆ 3 ಗ್ರಾಂ. ಅರ್ಧಕ್ಕೂ ಬರಲಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದು ಹಸಿವು ನೀಗಿದ್ದು ನಿಜ. ಆದರೆ ಅಕ್ಕಿ ಬಂತೆಂದು ರೊಟ್ಟಿ, ಕಾಳು ಬಿಟ್ಟದ್ದು ನಮ್ಮ ತಪ್ಪು.

ಇನ್ನೆರಡು ಮಾತು. ಸೊಪ್ಪು, ಕಾಳಿನ ಕಬ್ಬಿಣಾಂಶ ಖಂಡದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದಲ್ಲಿ ಲಿಂಬೆರಸ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ, ಉಂಡ ಕೂಡಲೇ ಚಹಾ ಕುಡಿದರೆ ಕಡಿಮೆ. ಬಿ12 ಎಂಬ ಜೀವಸತ್ವವಂತೂ ಕಾಳು ಸೊಪ್ಪಿನಲ್ಲಿ ಇಲ್ಲವೇ ಇಲ್ಲ. ಹಾಲು, ಮೊಸರು, ತತ್ತಿ, ಖಂಡದಿಂದಲೇ ಬರಬೇಕು. ಹಾಲನ್ನೂ ಬಿಡುವವರು ಡಾಕ್ಟರನ್ನು ಕೇಳಿ ಗುಳಿಗೆ ತೆಗೆದುಕೊಳ್ಳಬೇಕು.

ತತ್ತಿಯ ಪ್ರಶ್ನೆ

ಶಾಲೆಯ ಬಿಸಿಯೂಟದ ಜೊತೆ ತತ್ತಿ ಕೊಡುವುದು 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಶುರುವಾಯಿತು. 2022ರಲ್ಲಿ ನಮ್ಮ ಗದಗ ಸೇರಿ ಎಲ್ಲ ಜಿಲ್ಲೆಗೂ ಬಂತು. ಒಲ್ಲದ ಮಕ್ಕಳಿಗೆ ಆಗ ಬಾಳೆಹಣ್ಣು ಇಲ್ಲವೇ ಶೇಂಗಾಚಿಕ್ಕಿ ಕೊಡುತ್ತಿದ್ದರು. ನಮ್ಮ ಹುಡುಗಿಗೆ ಬಾಳೆಹಣ್ಣೇ ಸಾಕೆಂದು ನಾನು ಹೇಳಿ ಕಳಿಸಿದ್ದೆ. ಒಂದು ತತ್ತಿಯಲ್ಲಿ 6 ಗ್ರಾಂ ಪ್ರೊಟೀನು, ಬಾಳೆಹಣ್ಣಿನಲ್ಲಿ 1 ಗ್ರಾಂ ಎಂದು ಆಗ ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ವಾರ ಆಕೆಯೇ ಕೇಳಿದಳು: "ಅಜ್ಜಾ, ಸಾಲ್ಯಾಗ ನಾನೂ ತತ್ತಿ ತಿನ್ಲೇನು?"

ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಡ ಅನ್ನಬೇಕಾದರೆ ಅದರ ಬದಲು ಗಂಗಾಳಕ್ಕೆ ಏನು ಹಾಕಿದ್ದೇನೆ ಅಂತ ಹೇಳಬೇಕಲ್ಲ? ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ, "ನಿನಗ ಬೇಕಂದ್ರ ತಿನ್ನವ್ವಾ, ಬ್ಯಾಡಂದ್ರ ಬಿಡು. ಯಾರ ಅಂಜಿಕಿಗೂ ತಿನ್ನಬ್ಯಾಡ, ಯಾರ ಅಂಜಿಕಿಗೂ ಬಿಡಬ್ಯಾಡ" ಅಂದೆ. ಆಕೆ ಶಾಲೆಯಲ್ಲಿ ತಿನ್ನುತ್ತಾಳೆ. ಮನೆಯ ಒಲೆ ಮೊದಲಿನಂತೆಯೇ ಇದೆ. ನಾನು ತಿನ್ನುವುದಿಲ್ಲ, ನನ್ನ ಮನಸ್ಸು ಒಪ್ಪುವುದಿಲ್ಲ, ಅಷ್ಟೇ. ಗುಳಿಗೆ ನುಂಗಿ, ಕಾಳು ಸೊಪ್ಪು ಉಂಡು ಆರು ತಿಂಗಳಲ್ಲಿ ಆಕೆಯ ರಕ್ತ 11 ದಾಟಿತು. ತತ್ತಿಯೊಂದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ.

ನಾವು ಮಾಡಿದ ಬದಲಾವಣೆ

5 ಜನರ ಮನೆಗೆ ತಲೆಗೆ ದಿನಕ್ಕೆ 75 ಗ್ರಾಂನಂತೆ ವರ್ಷಕ್ಕೆ ಸುಮಾರು 140 ಕಿಲೋ ಕಾಳು ಬೇಕು. ಈಗ ರಾಶಿಯಾದ ಕೂಡಲೇ ಒಂದೂವರೆ ಕ್ವಿಂಟಲ್ ಹೆಸರು, ಕಡಲೆ ಒಣಗಿಸಿ, ಬೇವಿನೆಲೆ ಹಾಕಿ ಮನೆಗೆ ಎತ್ತಿಡುತ್ತೇವೆ. ಉಳಿದದ್ದು ಪೇಟೆಗೆ. ಹೆಸರಿನ ಹೊಲದಲ್ಲಿ ಅಕ್ಕಡಿಯಾಗಿ ಅಲಸಂದೆ, ಮಡಿಕೆ, ತೊಗರಿ ಮತ್ತೆ ಬಂದಿವೆ. ಅವುಗಳ ಬೇರಿನ ಗಂಟು ನೆಲಕ್ಕೆ ಸಾರಜನಕವನ್ನೂ ಕೊಡುತ್ತದೆ. ನರಗುಂದದ ಕಡೆ ಕಾಲುವೆ ನೀರಿಗೆ ಬರೀ ಗೋವಿನಜೋಳ, ಹತ್ತಿ ಹಾಕುವ ಗೆಳೆಯರಿಗೂ ನಾನು ಹೇಳುವುದು ಇದನ್ನೇ: ನಾಲ್ಕು ಸಾಲು ಮನೆಗೆ ಬಿಡಿ.

ಖಂಡ ತಿನ್ನುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ಯಾವುದನ್ನು ಆರಿಸಿದರೂ ಗಂಗಾಳ ಬರಿದಾಗಿರಬಾರದು. ಕುರಿಗಾರ ಈ ವರ್ಷವೂ ಬಂದಿದ್ದ. ಆತನಿಗೂ ನಾಲ್ಕು ಸೇರು ಹೆಸರು ಕೊಟ್ಟೆ. "ಮಾರಬ್ಯಾಡ, ಮಕ್ಕಳಿಗೆ ಕುದಿಸಿ ಹಾಕು" ಅಂದೆ. ನಕ್ಕು ಚೀಲಕ್ಕೆ ಹಾಕಿಕೊಂಡ.