ಹಳೆಯ ನಾಣ್ಯ: ಕೊಳೆ ಯಾವುದು, ಕವಚ ಯಾವುದು?

ತಾಮ್ರದ ಚೆಂಬಿಗೆ ಕಿಲುಬು ಹಿಡಿದರೆ ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆಯುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಪಾತ್ರೆಗೆ ಇದು ತಕ್ಕುದೇ. ಆದರೆ ಹಳೆಯ ಪೆಟ್ಟಿಗೆಯೊಂದರಲ್ಲಿ ದೊರೆತ ಟಿಪ್ಪು ಸುಲ್ತಾನನ ಕಾಲದ ತಾಮ್ರದ ಕಾಸಿಗೂ ಇದೇ ಉಪಚಾರವನ್ನು ಮಾಡಬಹುದೆ? ಕೂಡದು. ಏಕೆಂಬುದನ್ನು ತಿಳಿಯಬೇಕಾದರೆ ನಾಣ್ಯದ ಮೇಲಿರುವ ಪದರಗಳ ಸ್ವರೂಪವನ್ನು ನಾವು ಮೊದಲು ಅರಿಯಬೇಕು.

ತಾಮ್ರವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ಕಂದುಗೆಂಪು ಬಣ್ಣದ ಆಕ್ಸೈಡ್ ಆಗುತ್ತದೆ. ತೇವವೂ ಇಂಗಾಲದ ಡೈಆಕ್ಸೈಡೂ ಕೂಡಿದಾಗ ಹಸಿರು ಕಾರ್ಬೊನೇಟ್ ಉಂಟಾಗುತ್ತದೆ. ಇವು ಹೊರಗಿನಿಂದ ಬಂದು ಅಂಟಿದ ಕೊಳೆಯಲ್ಲ. ನಾಣ್ಯದ ತಾಮ್ರವೇ ಹೀಗೆ ಮಾರ್ಪಟ್ಟಿದೆ. ಗಟ್ಟಿಯಾಗಿ, ನುಣುಪಾಗಿ ಕುಳಿತ ಪದರವು ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಬಹುಕಾಲ ಮಣ್ಣಿನಲ್ಲಿದ್ದ ನಾಣ್ಯಗಳಲ್ಲಿ ಅಕ್ಷರಗಳ ಗುರುತು ಈ ಪದರದಲ್ಲಿಯೇ ಉಳಿದಿರುವುದುಂಟು. ಹುಣಿಸೆಯ ಟಾರ್ಟಾರಿಕ್ ಆಮ್ಲವು ಪದರವನ್ನು ಕರಗಿಸಿದರೆ ಅಕ್ಷರವೂ ಅದರೊಡನೆ ಕರಗುತ್ತದೆ.

ಆ ಅಕ್ಷರದ ಬೆಲೆ ಅಲ್ಪವಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನಗಳಲ್ಲಿ ಶಾತವಾಹನರ ನಾಣ್ಯಗಳೂ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯವೂ ದೊರೆತವು. ಟೈಬೀರಿಯಸನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಇಂತಹ ಹೆಸರುಗಳನ್ನು ಓದಲು ಸಾಧ್ಯವಾದುದರಿಂದಲೇ ಆ ನೆಲದ ಕಾಲನಿರ್ಣಯಕ್ಕೆ ಆಧಾರ ದೊರೆಯಿತು. ಟಿಪ್ಪುವಿನ ಕಾಸಿನಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು. ಆ ಹೆಸರು ಅಳಿದರೆ ಉಳಿಯುವುದು ತಾಮ್ರದ ಬಿಲ್ಲೆ ಮಾತ್ರ.

ಬೆಳ್ಳಿಯ ಶತ್ರು ಗಂಧಕ. ಗಾಳಿಯಲ್ಲಿರುವ ಅತ್ಯಲ್ಪ ಹೈಡ್ರೊಜನ್ ಸಲ್ಫೈಡಿನಿಂದಲೂ ಬೆಳ್ಳಿಯ ಮೇಲೆ ಸಲ್ಫೈಡಿನ ಪೊರೆ ಕಟ್ಟುತ್ತದೆ. ಪೊರೆ ಬಹಳ ತೆಳುವಾಗಿರುವಾಗ ಅದರ ಮೇಲ್ಮೈಯಿಂದಲೂ ತಳದಿಂದಲೂ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದರೊಡನೊಂದು ಸೇರಿ ಹಳದಿ, ಕೆಂಪು, ನೀಲಿ ಬಣ್ಣಗಳನ್ನು ತೋರುತ್ತವೆ. ಮಳೆಗಾಲದ ರಸ್ತೆಯ ಮೇಲೆ ಎಣ್ಣೆಯ ಪೊರೆ ತೋರುವ ಬಣ್ಣಗಳೂ ಇದೇ ತತ್ತ್ವದವು. ಪೊರೆ ದಪ್ಪವಾದಂತೆ ನಾಣ್ಯ ಕಪ್ಪಾಗುತ್ತದೆ. ಬೆಳ್ಳಿಯ ದೀಪವನ್ನು ವಿಭೂತಿಯಿಂದ ಉಜ್ಜುವಂತೆ ವಿಕ್ಟೋರಿಯಾ ರಾಣಿಯ ರೂಪಾಯಿಯನ್ನು ಉಜ್ಜಿದರೆ ಪೊರೆಯೊಡನೆ ಬೆಳ್ಳಿಯೂ ಸವೆಯುತ್ತದೆ; ಸೂಕ್ಷ್ಮ ಗೀರುಗಳು ಶಾಶ್ವತವಾಗಿ ಉಳಿಯುತ್ತವೆ. ಚಿನ್ನದ ವರಾಹಕ್ಕೆ ಕಿಲುಬಿನ ಭಯವಿಲ್ಲ. ಆದರೆ ಚಿನ್ನ ಮೃದು, ಗೀರು ಬೀಳುವ ಭಯ ಅದಕ್ಕೂ ಉಂಟು.

ಹಾಗಾದರೆ ತೆಗೆಯಬಹುದಾದುದು ಏನು? ಮಣ್ಣು ಮತ್ತು ಜಿಡ್ಡು, ಇವೆರಡೇ. ಬೆವರಿನ ಉಪ್ಪು ತಾಗದಂತೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೊದಲು ಭೂತಗನ್ನಡಿಯಿಂದ ಪರೀಕ್ಷಿಸಬೇಕು. ಅನಂತರ ಗಾಜಿನ ಬಟ್ಟಲಲ್ಲಿ ಬಟ್ಟಿ ಇಳಿಸಿದ ನೀರನ್ನು ತುಂಬಿ ನಾಣ್ಯವನ್ನು ಅದರಲ್ಲಿ ಮುಳುಗಿಸಿಡಬೇಕು. ನೀರು ಕದಡಿದಾಗಲೆಲ್ಲ ಬದಲಾಯಿಸಬೇಕು. ಮೆತ್ತಗಾದ ಮಣ್ಣನ್ನು ಬಿದಿರಿನ ಕಡ್ಡಿಯಿಂದ ಮೆಲ್ಲನೆ ಬಿಡಿಸಬಹುದು. ಬಿಡದ ಮಣ್ಣನ್ನು ಬಲವಂತ ಮಾಡದೆ ಮತ್ತೆ ನೆನೆಹಾಕುವುದು ಲೇಸು. ಜಿಡ್ಡಿಗೆ ಶುದ್ಧ ಅಸಿಟೋನ್ ಉತ್ತಮ. ಅದು ಬೇಗ ಉರಿಯುವ ದ್ರವವಾದುದರಿಂದ ಗಾಳಿಯಾಡುವೆಡೆಯಲ್ಲಿ, ಬೆಂಕಿಯಿಂದ ದೂರದಲ್ಲಿ, ಹಿರಿಯರ ಸಮ್ಮುಖದಲ್ಲಿ ಬಳಸಬೇಕು. ಕೊನೆಗೆ ಹತ್ತಿಬಟ್ಟೆಯನ್ನು ಒತ್ತಿ ನೀರನ್ನು ಹೀರಿಸಬೇಕೇ ಹೊರತು ಒರೆಸಬಾರದು. ಪಿ.ವಿ.ಸಿ. ಚೀಲಗಳಲ್ಲಿ ನಾಣ್ಯವನ್ನಿಡಬಾರದು, ಕಾಲಕ್ರಮದಲ್ಲಿ ಅವುಗಳಿಂದ ಹೊರಬರುವ ವಸ್ತುಗಳು ಲೋಹವನ್ನು ಕೆಡಿಸುತ್ತವೆ.

ಒಂದು ಲಕ್ಷಣವನ್ನು ಮಾತ್ರ ಕಡೆಗಣಿಸಲಾಗದು. ತಾಮ್ರ ಅಥವಾ ಕಂಚಿನ ನಾಣ್ಯದಲ್ಲಿ ತಿಳಿಹಸಿರು ಪುಡಿಯ ಚುಕ್ಕೆಗಳು ಕಂಡು, ತೆಗೆದರೂ ಮತ್ತೆ ಮೂಡಿದರೆ ಅದನ್ನು ‘ಕಂಚಿನ ರೋಗ’ವೆನ್ನುವರು. ಉಪ್ಪುಮಣ್ಣಿನಿಂದ ಬಂದ ಕ್ಲೋರೈಡ್ ತಾಮ್ರದೊಡನೆ ಸೇರಿರುತ್ತದೆ. ತೇವವೂ ಆಮ್ಲಜನಕವೂ ತಾಗಿದೊಡನೆ ಹೈಡ್ರೊಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಇನ್ನಷ್ಟು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡಾಗುತ್ತದೆ. ಈ ಚಕ್ರವನ್ನು ತಡೆಯಲು ನಾಣ್ಯವನ್ನು ಸಿಲಿಕಾ ಜೆಲ್‌ನೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣಗಿರುವಂತೆ ಇಟ್ಟು, ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರಿಗೆ ತೋರಿಸಬೇಕು.

ಕೊಳೆಯಾದ ನಾಣ್ಯವನ್ನು ನಾಳೆಯೂ ತೊಳೆಯಬಹುದು. ಉಜ್ಜಿದ ನಾಣ್ಯಕ್ಕೆ ಹಳೆಯ ಮೈಯನ್ನು ಯಾರೂ ಮರಳಿ ಕೊಡಲಾರರು. ಆದುದರಿಂದ ಸಂಶಯ ಬಂದಲ್ಲಿ ನಾಣ್ಯವನ್ನು ಇದ್ದಂತೆಯೇ ಬಿಡುವುದು ಜಾಣತನ.