ಕಣ್ಣಿಲ್ಲದ ಹೃದಯ

ಕಾಲೇಜಿನಲ್ಲಿ ಕಾವ್ಯಪಾಠ ಹೇಳುವವನಿಗೆ ಲತೆಗಳ ಪರಿಚಯ ಸಾಕಷ್ಟಿರುತ್ತದೆಂದು ಲೋಕ ನಂಬುತ್ತದೆ. ನಮ್ಮ ಕಾವ್ಯಗಳಲ್ಲಿ ಮಲ್ಲಿಗೆ, ಜಾಜಿ, ಮಾಧವಿಗಳು ಪುಟಪುಟಕ್ಕೂ ಹಬ್ಬಿಕೊಂಡಿರುವಾಗ ಹಾಗೆ ನಂಬುವುದು ತಪ್ಪೂ ಅಲ್ಲ. ಆದರೆ ಕಾವ್ಯದ ಬಳ್ಳಿಗೆ ನೀರು ಬೇಡ, ಗೊಬ್ಬರ ಬೇಡ. ತಬ್ಬಿಕೊಳ್ಳಲು ಒಂದು ಮಾವಿನ ಮರ ಸಿಕ್ಕರೆ ಸಾಕು. ಮನೆಯ ಕಿಟಕಿಯಲ್ಲಿ ಬೆಳೆಯಬೇಕಾದ ಬಳ್ಳಿಯ ವಿಚಾರ ಬೇರೆ. ಈ ವ್ಯತ್ಯಾಸವನ್ನು ನಾನು ಅರಿತುಕೊಂಡದ್ದು ಹಣ ತೆತ್ತು, ಎರಡು ವರ್ಷ ಕಾದು, ಕೊನೆಗೆ ನನ್ನ ಮಾವನವರ ಮುಂದೆ ನಗೆಗೀಡಾದ ಮೇಲೆ.

ಒಂದೆಲೆಯ ಸಂಸಾರ

ಏಳು ವರ್ಷಗಳ ಹಿಂದಿನ ಮಾತು. ನಮ್ಮ ಮದುವೆಯ ಮೊದಲನೆಯ ವಾರ್ಷಿಕೋತ್ಸವಕ್ಕೆ ಸೀರೆಯಲ್ಲದೆ ಬೇರೇನಾದರೂ ಕೊಡಬೇಕೆಂಬ ಹುಮ್ಮಸ್ಸಿನಿಂದ ಬೆಂಗಳೂರಿನ ಅಂಗಡಿಯೊಂದನ್ನು ಹೊಕ್ಕೆ. ಅಲ್ಲಿ ಸಾಲಾಗಿ ಪುಟ್ಟ ಪುಟ್ಟ ಬಿಳಿಯ ಕುಂಡಗಳು. ಒಂದೊಂದರ ನಡುವೆಯೂ ನೆಟ್ಟಗೆ ನಿಂತ ಒಂದೇ ಒಂದು ಎಲೆ. ಎಲೆಯೆಂದರೆ ಸಾಮಾನ್ಯವಾದ ಎಲೆಯಲ್ಲ. ಹೋಳಿಗೆಯಷ್ಟು ದಪ್ಪ, ಎಣ್ಣೆ ಸವರಿದಂತಹ ಹೊಳಪು. ತುದಿಯಲ್ಲಿ ನಡುವೆ ತಗ್ಗಿ ಎರಡು ಭುಜಗಳಾಗಿ ಒಡೆದ ಆಕಾರ. ಚಿತ್ರಕಾರರು ಬರೆಯುವ ಹೃದಯವೇ ಮಣ್ಣಿನಲ್ಲಿ ಚಿಗುರಿ ನಿಂತಂತಿತ್ತು. “ಥೈಲೆಂಡ್ ಕಡೆಯ ಅಪರೂಪದ ಬಳ್ಳಿ ಸಾರ್, ಬೆಳೆದರೆ ಕಿಟಕಿ ತುಂಬಿಬಿಡುತ್ತೆ” ಎಂದರು ಅಂಗಡಿಯವರು. ಕನ್ನಡ ಎಂ.ಎ. ಆದವನಿಗೆ ಇದಕ್ಕಿಂತ ಹೆಚ್ಚಿನ ಪ್ರಲೋಭನೆ ಬೇಕೆ? ಕೊಂಡುತಂದೆ.

ನನ್ನಾಕೆ ಅದನ್ನು ಮೂಡಲ ಕಿಟಕಿಯಲ್ಲಿಟ್ಟಳು. ವಾರಕ್ಕೊಮ್ಮೆ ಚಮಚದಿಂದ ಅಳೆದು ನೀರು ಹಾಕಿದಳು. ಧೂಳು ಕುಳಿತರೆ ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿದಳು. ಆರು ತಿಂಗಳಾಯಿತು, ವರ್ಷವಾಯಿತು, ಎರಡು ಯುಗಾದಿಗಳು ಕಳೆದವು. ಎಲೆ ಬಾಡಲಿಲ್ಲ, ಬೆಳೆಯಲೂ ಇಲ್ಲ. ತಂದ ದಿನ ಹೇಗಿತ್ತೋ ಹಾಗೆಯೇ ಇತ್ತು.

ನೆಂಟರಿಷ್ಟರು ಮನೆಗೆ ಬಂದಾಗಲೆಲ್ಲ “ಏನಮ್ಮ, ವಿಶೇಷವೇನಾದರೂ ಉಂಟೋ?” ಎಂದು ಕೇಳತೊಡಗಿದ್ದ ಕಾಲವದು. ಅವರದು ಪ್ರೀತಿಯ ಮಾತೇ. ಆದರೆ ಹಾಗೆ ಕೇಳಿಸಿಕೊಂಡ ದಿನ ಅವಳು ಕಿಟಕಿಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತಿದ್ದುದನ್ನು ನಾನು ಕಂಡೂ ಕಾಣದವನಂತಿದ್ದೆ. ಒಂದು ಸಂಜೆ, “ನನ್ನ ಕೈಗುಣವೇ ಸರಿಯಿಲ್ಲವೇನೋ ರೀ” ಎಂದಳು. ಏನು ಉತ್ತರ ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಉತ್ತರ ಹೇಳಿದವರು ನನ್ನ ಮಾವನವರು. ಮಂಡ್ಯದ ಕಡೆಯ ಕಬ್ಬು ಬೆಳೆಗಾರರು. ಮಗಳನ್ನು ನೋಡಲು ಬಂದವರು ಕುಂಡವನ್ನು ಕೈಗೆತ್ತಿಕೊಂಡು, ಬೆರಳಿನಿಂದ ಮಣ್ಣು ಸರಿಸಿ, ಎಲೆಯ ತೊಟ್ಟಿನ ಬುಡವನ್ನು ನೋಡಿ ನಕ್ಕರು. “ಏನಳಿಯಂದಿರೇ, ಇದಕ್ಕೆ ಕಣ್ಣೆಲ್ಲದೆ? ಕಣ್ಣಿಲ್ಲದ ತುಂಡು ನೆಟ್ಟರೆ ಕಬ್ಬು ಹುಟ್ಟುತ್ತದಾ?” ಎಂದರು. ಆಮೇಲೆ ಮಗಳ ಕಡೆ ತಿರುಗಿ, “ನಿನ್ನ ಕೈ ತಪ್ಪಲ್ಲ ಕಣವ್ವ, ಕುಯ್ದೋನ ಕೈ ತಪ್ಪು” ಎಂದರು.

ಅವರು ಹೇಳಿದ್ದು ಎಲೆಯ ವಿಷಯವನ್ನಷ್ಟೇ. ಆದರೆ ಆ ದಿನ ನನ್ನಾಕೆಯ ಮುಖದಲ್ಲಿ ಕಂಡ ಗೆಲುವನ್ನು ನಾನು ಇನ್ನೂ ಮರೆತಿಲ್ಲ.

ಕಣ್ಣೆಂದರೇನು?

ಮರುದಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದೆ. ಮಾವನವರ ಮಾತಿಗೆ ಶಾಸ್ತ್ರದ ಸಮ್ಮತಿ ಪೂರ್ತಿಯಾಗಿ ದೊರೆಯಿತು. ಬಳ್ಳಿಯ ಕಾಂಡದಲ್ಲಿ ಎಲೆ ಹೊರಡುವ ಸ್ಥಳವೇ ಗೆಣ್ಣು. ಎಲೆಯ ತೊಟ್ಟಿಗೂ ಕಾಂಡಕ್ಕೂ ನಡುವಿನ ಆ ಸಂದಿಯಲ್ಲಿ ಪುಟ್ಟದೊಂದು ಮೊಗ್ಗು ನಿದ್ರಿಸುತ್ತಿರುತ್ತದೆ. ಮುಂದಿನ ಕುಡಿ ಹೊರಡಬೇಕಾದದ್ದು ಅದರಿಂದಲೇ. ಎಲೆಯನ್ನು ಮಾತ್ರ ಕಿತ್ತು ಮಣ್ಣಿಗಿಟ್ಟರೆ ತೊಟ್ಟಿನ ಬುಡದಲ್ಲಿ ಬೇರೇನೋ ಬಿಡುತ್ತದೆ. ಆದರೆ ಕುಡಿಯೊಡೆಯುವ ಮೊಗ್ಗು ಹಿಂದೆ ಉಳಿದ ಕಾಂಡದಲ್ಲಿಯೇ ಇರುತ್ತದೆ. ಬೇರು ನೀರು ಕೊಡುತ್ತದೆ, ಎಲೆ ತನ್ನ ಹಸುರಿನಿಂದ ಆಹಾರ ತಯಾರಿಸಿಕೊಳ್ಳುತ್ತದೆ. ಹೀಗೆ ಅದು ವರ್ಷಗಟ್ಟಲೆ ಬದುಕಬಹುದು, ಬಳ್ಳಿಯಾಗಲಾರದು.

ಕಾಡುಬಸಳೆಯನ್ನು ಬಲ್ಲ ಓದುಗರು ಇಲ್ಲಿ ಆಕ್ಷೇಪವೆತ್ತಬಹುದು. ಅದರ ಎಲೆಯನ್ನು ನೆಲದ ಮೇಲೆ ಬಿಸಾಡಿದರೂ ಅಂಚಿನಿಂದ ಮರಿಗಿಡಗಳು ಏಳುತ್ತವಲ್ಲ ಎನ್ನಬಹುದು. ನಿಜ. ಆ ಸಸ್ಯಕ್ಕೆ ಎಲೆಯ ಅಂಚಿನಲ್ಲಿಯೇ ಮೊಗ್ಗುಗಳನ್ನು ಹುಟ್ಟಿಸುವ ಶಕ್ತಿಯುಂಟು. ನಮ್ಮ ಬಳ್ಳಿಗೆ ಆ ವರವಿಲ್ಲ.

ಫೆಬ್ರವರಿ ೧೪ರ ಪ್ರೇಮಿಗಳ ದಿನಕ್ಕೆಂದು ಈ ಒಂಟಿ ಎಲೆಗಳನ್ನು ಹೊರದೇಶಗಳಲ್ಲೂ ಮಾರುತ್ತಾರೆ. ಒಂದು ಬಳ್ಳಿಯಿಂದ ಹತ್ತಾರು ಎಲೆ; ಎಲೆಗೊಂದು ಕುಂಡ. ಮಾರುವವರಿಗೆ ಲಾಭ, ಕೊಳ್ಳುವವರಿಗೆ ಕಾಯುವ ಕೆಲಸ. ತೊಟ್ಟಿನ ಬುಡದಲ್ಲಿ ಕಾಂಡದ ತುಣುಕೂ ಕಣ್ಣೂ ಉಳಿದಿದ್ದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕುಡಿಯೊಡೆದೀತು. ಇಲ್ಲದಿದ್ದರೆ ಇಲ್ಲ.

ಎಕ್ಕದ ನಂಟು

ಈ ಬಳ್ಳಿಯ ಹೆಸರು ಹೋಯಾ ಕೆರ್ರಿ. ಹೋಯಾ ಎಂಬ ಕುಲನಾಮವನ್ನು ೧೮೧೦ರಲ್ಲಿ ಕೊಟ್ಟವರು ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ. ಇಂಗ್ಲೆಂಡಿನ ನಾರ್ಥಂಬರ್ಲೆಂಡ್ ಡ್ಯೂಕರ ಸೈಯನ್ ಹೌಸ್ ಉದ್ಯಾನದಲ್ಲಿ ಮುಖ್ಯ ತೋಟಗಾರನಾಗಿದ್ದ ಥಾಮಸ್ ಹೋಯ್ ಎಂಬಾತನ ನೆನಪಿಗೆ ಅದು ಇಟ್ಟ ಹೆಸರು. ತೋಟದ ಒಡೆಯನ ಹೆಸರಿಗಿಂತ ಮಾಲಿಯ ಹೆಸರು ಬಳ್ಳಿಯಲ್ಲಿ ಉಳಿದದ್ದು ಉಚಿತವಾಗಿಯೇ ಇದೆ. ‘ಕೆರ್ರಿ’ ಎಂಬುದು ಆರ್ಥರ್ ಕೆರ್ ಅವರ ಸ್ಮರಣೆ. ಐರ್ಲೆಂಡಿನ ಈ ವೈದ್ಯರು ಸಯಾಮಿನಲ್ಲಿ, ಎಂದರೆ ಇಂದಿನ ಥೈಲೆಂಡಿನಲ್ಲಿ, ಕೆಲಸಮಾಡುತ್ತ ರೋಗಿಗಳ ಜೊತೆಗೆ ಕಾಡುಗಳನ್ನೂ ನೋಡಿಕೊಂಡರು. ಅವರು ಸಂಗ್ರಹಿಸಿದ ಈ ಬಳ್ಳಿಯನ್ನು ವಿಲಿಯಂ ಕ್ರೇಬ್ ೧೯೧೧ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದರು. ಥೈಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂಗಳ ಕಾಡು ಇದರ ತವರು.

ಹೆಸರು ದೂರದ್ದಾದರೂ ನಂಟು ದೂರದ್ದಲ್ಲ. ರಥಸಪ್ತಮಿಯ ದಿನ ತಲೆಯ ಮೇಲಿಟ್ಟು ಸ್ನಾನ ಮಾಡುವ ಎಕ್ಕದೆಲೆ ಈ ಬಳ್ಳಿಯ ಹತ್ತಿರದ ಬಂಧು. ಕಣಗಿಲೆ, ನಂದಿಬಟ್ಟಲುಗಳೂ ಅದೇ ದೊಡ್ಡ ಮನೆತನಕ್ಕೆ ಸೇರಿದವು. ಕತ್ತರಿಸಿದರೆ ಎಕ್ಕದಂತೆಯೇ ಬಿಳಿಯ ಹಾಲು ಸುರಿಯುತ್ತದೆ. ಎಕ್ಕದ ಹೂವಿನಂತೆ ಇದರ ಹೂವಿನಲ್ಲಿಯೂ ಪರಾಗ ಪುಡಿಯಾಗಿರದೆ ಸಣ್ಣ ಗಂಟುಗಳಾಗಿ ಕೂಡಿಕೊಂಡಿದ್ದು, ಹೂವಿಗೆ ಬಂದ ಕೀಟಕ್ಕೆ ಸಿಕ್ಕಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಇನ್ನೂ ಒಂದು ಸಂತೋಷದ ಸಂಗತಿ: ಹೋಯಾ ಕುಲದಲ್ಲಿ ನಾನೂರಕ್ಕೂ ಹೆಚ್ಚು ಜಾತಿಗಳುಂಟು, ಅವುಗಳಲ್ಲಿ ಹೋಯಾ ವೈಟಿಯೈಯಂತಹ ಕೆಲವು ನಮ್ಮ ಪಶ್ಚಿಮಘಟ್ಟದ ಮರಗಳ ಮೇಲೆಯೇ ಬೆಳೆಯುತ್ತವೆ.

ಮರದ ಮೇಲೆಂದ ಮಾತ್ರಕ್ಕೆ ಇದನ್ನು ಬಂದಣಿಕೆಯೆಂದು ಭಾವಿಸಬಾರದು. ಬಂದಣಿಕೆ ಆಶ್ರಯ ಕೊಟ್ಟ ಮರದ ರಸವನ್ನೇ ಹೀರುತ್ತದೆ. ಹೋಯಾ ಮಲೆನಾಡಿನ ಸೀತಾಳೆಯಂತೆ ಮಾನವಂತ ಸಸ್ಯ: ಮರದಿಂದ ಬೇಡುವುದು ನಿಲ್ಲಲು ಜಾಗವನ್ನು ಮಾತ್ರ. ತೊಗಟೆಯ ಸಂದಿಯ ಎಲೆಗೊಬ್ಬರ, ಮಳೆಯ ನೀರು, ಗಾಳಿಯ ತೇವ ಇಷ್ಟರಿಂದಲೇ ಜೀವನ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇದರ ಆರೈಕೆಯ ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ.

ಉಪಕಾರದಿಂದ ಅಪಾಯ

ಸಹೋದ್ಯೋಗಿಗಳು ತಮ್ಮ ಮನೆಯ ಬಳ್ಳಿಯಿಂದ ಎರಡು ಗೆಣ್ಣುಳ್ಳ ಒಂದು ತುಂಡನ್ನು ಕೊಟ್ಟರು. ಯುಗಾದಿಯ ಆಸುಪಾಸು, ಬೇರುಬಿಡಲು ಬೆಚ್ಚಗಿನ ಕಾಲವೇ ಸರಿ. ಹಾಲು ಆರಲೆಂದು ಒಂದು ದಿನ ನೆರಳಿನಲ್ಲಿಟ್ಟು, ಕೆಳಗಿನ ಗೆಣ್ಣು ಮುಚ್ಚುವಂತೆ ನೆಟ್ಟೆವು. ಒಂದೂವರೆ ತಿಂಗಳ ಮೇಲೆ ಮೆಲ್ಲನೆ ಎಳೆದು ನೋಡಿದರೆ ಬಿಗಿಯಾಗಿತ್ತು. ಬೇರು ಬಿಟ್ಟಿತ್ತು.

ಅಲ್ಲಿಂದ ಮುಂದೆ ನನ್ನ ಸರದಿ. ಉತ್ಸಾಹದಿಂದ ದೊಡ್ಡ ಕುಂಡ ತಂದೆ, ಕೆಮ್ಮಣ್ಣು, ಸೆಗಣಿಗೊಬ್ಬರ ತುಂಬಿದೆ, ದಿನವೂ ನೀರೆರೆದೆ. ಮಳೆಗಾಲ ಮುಗಿಯುವ ಮೊದಲೇ ಎಲೆಗಳು ಸುಕ್ಕುಗಟ್ಟಿದವು. ಬಾಯಾರಿಕೆಯೆಂದು ಇನ್ನಷ್ಟು ನೀರು ಹಾಕಿದೆ. ಸುಕ್ಕು ಇನ್ನೂ ಹೆಚ್ಚಾಯಿತು. ಕೊನೆಗೆ ಕುಂಡ ಬಗ್ಗಿಸಿ ನೋಡಿದರೆ ಬೇರುಗಳು ಕೊಳೆತು ಕಪ್ಪಾಗಿದ್ದವು. ಬೇರೇ ಇಲ್ಲದ ಮೇಲೆ ನೀರು ಎಲೆಗೆ ಏರುವುದೆಂತು? ಒಣಗಿದರೂ ಸುಕ್ಕು, ಕೊಳೆತರೂ ಸುಕ್ಕು. ಆದುದರಿಂದ ಎಲೆ ಸುಕ್ಕುಗಟ್ಟಿದಾಗ ಮೊದಲು ಬೆರಳಿನಿಂದ ಮಣ್ಣನ್ನು ಮುಟ್ಟಿ ನೋಡಬೇಕು. ಆಮೇಲೆ ತಂಬಿಗೆಯನ್ನು ಮುಟ್ಟಬೇಕು.

ನನ್ನಾಕೆ ಗಟ್ಟಿಯಾಗಿದ್ದ ಮೇಲ್ತುದಿಯನ್ನು ಕತ್ತರಿಸಿ ಮತ್ತೆ ನೆಟ್ಟಳು. ಈ ಸಲ ಮಣ್ಣಿಗೆ ಬದಲಾಗಿ ತೆಂಗಿನ ಸಿಪ್ಪೆಯ ಚೂರು, ಇದ್ದಲು, ಇಟ್ಟಿಗೆಯ ಹರಳು, ಒಂದು ಹಿಡಿ ಎಲೆಗೊಬ್ಬರ. ಸಿಪ್ಪೆಯ ಉಪ್ಪು ಹೋಗಲೆಂದು ಮೂರು ನಾಲ್ಕು ಸಲ ನೀರಿನಲ್ಲಿ ನೆನೆಸಿ ಚೆಲ್ಲಿದಳು. ಕುಂಡ ಬೊಗಸೆಯಷ್ಟು ಸಣ್ಣದು. ತಳದಲ್ಲಿ ಧಾರಾಳವಾಗಿ ತೂತು. ಹೋಯಾಕ್ಕೆ ಇಕ್ಕಟ್ಟೇ ಇಷ್ಟ. ಬೇರು ಕುಂಡವನ್ನು ತುಂಬಿಕೊಂಡ ಮೇಲೆಯೇ ಅದು ಹೂವಿನ ಯೋಚನೆ ಮಾಡುವುದು.

ನೀರು ಹಾಕುವುದು ಕುಂಡದ ಒಳಭಾಗ ಆರಿದ ಮೇಲೆ. ಬೇಸಗೆಯಲ್ಲಿ ವಾರಕ್ಕೊಮ್ಮೆ, ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಸಾಕು. ಅದರ ದಪ್ಪ ಎಲೆಯೇ ನೀರಿನ ಕಣಜ. ಪಾಪಾಸುಕಳ್ಳಿಯಂತೆ ಹೋಯಾ ಕುಲದ ಹಲವು ಬಳ್ಳಿಗಳು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ಆದ್ದರಿಂದ ಹಗಲಿನ ತಾಪಕ್ಕೆ ನೀರು ವ್ಯರ್ಥವಾಗುವುದಿಲ್ಲ. ಬೆಳಕು ಮಾತ್ರ ಚೆನ್ನಾಗಿರಬೇಕು: ಬೆಳಗಿನ ಎಳೆಬಿಸಿಲು ಹಿತ, ನಡುಹಗಲಿನ ಬಿಸಿಲಿಗೆ ಎಲೆ ಹಳದಿಯಾಗಿ ಸುಟ್ಟೀತು. ಬೆಂಗಳೂರಿನ ಚಳಿ ಅದಕ್ಕೆ ಬಾಧಕವಲ್ಲ; ೧೦ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಊರುಗಳಲ್ಲಿ ರಾತ್ರಿ ಒಳಗಿಡುವುದು ಕ್ಷೇಮ.

ಶತ್ರುಗಳಲ್ಲಿ ಮುಖ್ಯವಾದದ್ದು ಬಿಳಿಯ ಹಿಟ್ಟುತಿಗಣೆ. ಎಲೆಯ ಸಂದಿಯಲ್ಲಿ ಹತ್ತಿಯ ಚೂರಿನಂತೆ ಕಾಣಿಸುತ್ತದೆ. ನೀರು ಬೆರೆಸಿದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದರೆ ಹೋಗುತ್ತದೆ. ಎಕ್ಕದ ಮೇಲೆ ಮುತ್ತುವ ಹಳದಿ ಹೇನುಗಳು ನಂಟಸ್ತಿಕೆಯನ್ನು ನೆನೆದು ಇಲ್ಲಿಗೂ ಬರುತ್ತವೆ; ಅವಕ್ಕೆ ಸಾಬೂನು ನೀರಿನಲ್ಲಿ ಕದಡಿದ ಬೇವಿನ ಎಣ್ಣೆ ಸಾಕು. ಬಳ್ಳಿಯನ್ನು ಕತ್ತರಿಸಿದಾಗ ಹಾಲು ಕಣ್ಣಿಗೆ ತಾಕದಂತೆ ಎಚ್ಚರವಹಿಸಿ ಕೈ ತೊಳೆದುಕೊಳ್ಳಬೇಕು.

ಬೋಳು ಕುಡಿ, ಒಣ ತೊಟ್ಟು

ಎರಡನೆಯ ವರ್ಷ ಬಳ್ಳಿಯಿಂದ ಮೊಳದುದ್ದದ ಕುಡಿಯೊಂದು ಎಲೆಯೇ ಇಲ್ಲದೆ ಹೊರಟು ಗಾಳಿಯಲ್ಲಿ ತಡಕಾಡತೊಡಗಿತು. ಒಣಗಿದ ಕಡ್ಡಿಯೆಂದು ಕತ್ತರಿ ತಂದೆ, ನನ್ನಾಕೆ ತಡೆದಳು. ಅವಳು ಮಾಡಿದ್ದೇ ಸರಿ. ಈ ಬಳ್ಳಿ ಮೊದಲು ಬೋಳು ಕುಡಿಯನ್ನು ಚಾಚಿ ಆಸರೆ ಹುಡುಕುತ್ತದೆ; ಸುತ್ತಿಕೊಳ್ಳಲು ಏನಾದರೂ ದೊರೆತ ಮೇಲೆ ನಿಧಾನವಾಗಿ ಗೆಣ್ಣು ಗೆಣ್ಣಿಗೂ ಜೋಡಿ ಎಲೆ ಬಿಡುತ್ತದೆ. ಕಿಟಕಿಯ ಸರಳಿಗೆ ಸುತ್ತಿಸಿದೆವು. ಇಂದು ಆ ಸರಳುಗಳ ಮೇಲೆ ಹಸುರು ಹೃದಯಗಳ ತೋರಣವೇ ಇದೆ.

ಕಳೆದ ಬೇಸಗೆಯಲ್ಲಿ, ನಾಲ್ಕನೆಯ ವರ್ಷಕ್ಕೆ, ಹೂ ಬಂತು. ಒಂದೇ ತೊಟ್ಟಿನ ತುದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಹೂಗಳ ಚೆಂಡು. ಕೆನೆಬಣ್ಣದ ದಳಗಳು ಹಿಂದಕ್ಕೆ ಮಡಿಚಿ, ನಡುವೆ ಕಂದುಗೆಂಪಿನ ನಕ್ಷತ್ರ, ಅದರ ಮೇಲೆ ಜೇನಿನ ಹನಿ. ಮೇಣದಲ್ಲಿ ಮಾಡಿಟ್ಟಂತಿದ್ದವು. ಹೂ ಉದುರಿದ ಮೇಲೆ ಉಳಿದ ಬರಿದಾದ ತೊಟ್ಟನ್ನು ನಾನು, ಈ ಸಲ ಯಾರೂ ತಡೆಯುವ ಮೊದಲೇ, ನೀಟಾಗಿ ಕತ್ತರಿಸಿದೆ. ಇದು ಹೋಯಾ ಬೆಳೆಸುವವರು ಮಾಡಬಾರದ ತಪ್ಪು. ಮುಂದಿನ ವರ್ಷದ ಹೂ ಬರುವುದು ಅದೇ ಹಳೆಯ ತೊಟ್ಟಿನಿಂದ! ಅದನ್ನು ಕತ್ತರಿಸಿದರೆ ಬಳ್ಳಿ ಹೊಸ ತೊಟ್ಟನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕು. ಈ ವರ್ಷ ಹೂವಿಲ್ಲ. ಬಳ್ಳಿ ನನ್ನನ್ನು ಕ್ಷಮಿಸಿರಬೇಕು, ಈಗ ಬೇರೊಂದು ಗೆಣ್ಣಿನಲ್ಲಿ ಹೊಸ ತೊಟ್ಟು ಮೂಡಿದೆ.

ಈ ನಡುವೆ ನಮ್ಮ ಮನೆಗೆ ಮಗಳು ಬಂದಿದ್ದಾಳೆ, ಮೂರು ವರ್ಷ. ಬಳ್ಳಿಗೂ ಅವಳಿಗೂ ಸಂಬಂಧವಿಲ್ಲ. ಕೆಳಗಿನ ಎಲೆಗಳನ್ನು ಎಣಿಸುತ್ತ ಅಂಕಿ ಕಲಿಯುತ್ತಿದ್ದಾಳೆ ಎಂಬುದಷ್ಟೇ ಸಂಬಂಧ. ಹಳೆಯ ಬಿಳಿಯ ಕುಂಡ ಈಗಲೂ ಕಿಟಕಿಯ ಮೂಲೆಯಲ್ಲಿದೆ. ಅದರಲ್ಲಿ ಅದೇ ಒಂದು ಎಲೆ, ಅಂಚಿನಲ್ಲಿ ಸ್ವಲ್ಪ ಹಳದಿಯಾಗಿದೆ. “ಬಳ್ಳಿಯೇ ಬಂದ ಮೇಲೆ ಇದೇಕೆ?” ಎಂದು ಒಮ್ಮೆ ಕೇಳಿದೆ. “ಬೆಳೆಯದಿದ್ದರೇನು ರೀ, ಇಷ್ಟು ದಿನ ಬಾಡಲಿಲ್ಲವಲ್ಲ” ಎಂದು ನನ್ನಾಕೆ ಅದಕ್ಕೆ ಎಂದಿನಂತೆ ಒಂದು ಚಮಚ ನೀರು ಹಾಕಿದಳು.

ಓದುಗರಲ್ಲಿ ಯಾರಾದರೂ ಈ ಬಳ್ಳಿಯನ್ನು ಕೊಳ್ಳಹೊರಟರೆ ನನ್ನದೊಂದೇ ಬಿನ್ನಹ. ಎಲೆಯ ಅಂದಕ್ಕೆ ಮರುಳಾಗುವ ಮೊದಲು ತೊಟ್ಟಿನ ಬುಡದ ಮಣ್ಣನ್ನು ಸ್ವಲ್ಪ ಸರಿಸಿ, ಕಾಂಡವಿದೆಯೇ, ಕಣ್ಣಿದೆಯೇ ಎಂದು ನೋಡಿಕೊಳ್ಳಿ. ಜೊತೆಗೆ ಕಬ್ಬು ಬೆಳೆದ ಹಿರಿಯರೊಬ್ಬರಿದ್ದರೆ ಇನ್ನೂ ಒಳ್ಳೆಯದು.