ಮೂರು ಗಾಳ, ಒಂದೇ ಗಂಟು

ಒಂದು ಭಾನುವಾರ ತುಮಕೂರಿನಿಂದ ಕುಣಿಗಲ್ ದೊಡ್ಡಕೆರೆಗೆ ಹೋಗಿದ್ದೆ. ಕೆರೆ ಗುತ್ತಿಗೆ ಹಿಡಿದವರನ್ನು ಕೇಳಿ 3 ರಾಡ್ ಹಾಕಿದೆ. ಒಂದಕ್ಕೆ ಕಾಟ್ಲಾ ಕಚ್ಚಿತು. ಖುಷಿಯಲ್ಲಿ ಎಳೀತಾ ನಿಂತೆ; ಅದು ಅಡ್ಡಡ್ಡ ಓಡಿ ಮಿಕ್ಕೆರಡು ದಾರಗಳನ್ನೂ ಸುತ್ತಿಕೊಂಡಿತು. ಗಂಟು ಬಿಡಿಸಲಾಗದೆ ಕತ್ತರಿಸಿದೆ. ಮೀನೂ ಹೋಯ್ತು, ದಾರವೂ ನೀರಲ್ಲೇ ಉಳೀತು.

ಮುಂದಿನ ವಾರ ಅದೇ ದಡದಲ್ಲಿ, ಕಾಲಿಗೆ ನೈಲಾನ್ ದಾರ ಸುತ್ತಿಕೊಂಡ ಬೆಳ್ಳಕ್ಕಿಯೊಂದು ಒದ್ದಾಡ್ತಿತ್ತು. ನನ್ನ ದಾರವೇ ಇರಬಹುದು. ಬಿಡಿಸಿ ಹಾರಿಬಿಟ್ಟೆವು. ಗುಬ್ಬಿಯಿಂದ ಜೊತೆಗೆ ಬಂದಿದ್ದ ಮಾವ, "ಸಿಕ್ಕು ಬಿಡ್ಸೋದಲ್ಲ ಕಣಪ್ಪ, ಸಿಕ್ಕಾಗ್ದಂಗೆ ಹಾಕೋದು ಕಲಿ" ಅಂದ್ರು.

ಅವರು ಕಲಿಸಿದ್ದು ಇಷ್ಟು: ರಾಡ್‌ಗಳ ನಡುವೆ 8-10 ಅಡಿ ಜಾಗ ಬಿಡಿ. ಓರೆಯಾಗಿ ಬೇಡ, ನೇರ ಎದುರಿಗೇ ಎಸೆಯಿರಿ. ಗಾಳಿ ಬೀಸ್ತಿದ್ರೆ ಭಾರದ ಸೀಸದ ಗುಂಡು ಕಟ್ಟಿ. ಹಗುರವಾದರೆ ದಾರ ಪಕ್ಕದ್ದರ ಮೇಲೆ ಸರಿಯುತ್ತೆ. ಮೀನು ಕಚ್ಚಿದ ತಕ್ಷಣ ಜೊತೆಗಿರೋರು ಮಿಕ್ಕ ದಾರಗಳನ್ನು ಸುತ್ತಿಕೊಳ್ಳಲಿ. ದೋಣಿಯಿಂದ ಎಳೆಯೋದಾದ್ರೆ ನಡುವಿನ ದಾರ ಗಿಡ್ಡ, ಅಂಚಿನವು ಉದ್ದ ಇರಲಿ. ದೋಣಿಯನ್ನು ಅಗಲವಾಗಿ ತಿರುಗಿಸಿ.

ಒಬ್ಬನೇ ಹೋದರೆ ಈಗ ನಂದು ಒಂದೇ ರಾಡ್. ತುಂಡಾದ ದಾರ ನೀರಿಗಲ್ಲ, ಜೇಬಿಗೆ.